ಹದಿನಾಲ್ಕಕ್ಕೇ ಬಂದ ಕ್ಲಾರಿನೆಟ್

"ನನಗೆ ಆ ತಪ್ಪು ಮತ್ತೆ ಬೇಕು," ಅಂದ ನಿರ್ದೇಶಕ. "ಇನ್ನೊಂದು ತಪ್ಪು ಬೇಡ. ಅದೇ ತಪ್ಪು ಬೇಕು."

"ಬೆಳಿಗ್ಗೆಯಿಂದ ಅದನ್ನೇ ಅಲ್ವೇನಯ್ಯಾ ಮಾಡಿಸ್ತಿರೋದು?" ಅಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ಇವರೀಗ ತಪ್ಪನ್ನ ಸರಿಯಾಗಿ ಮಾಡ್ತಿದ್ದಾರೆ. ನನಗೆ ಅದು ತಪ್ಪಾಗೇ ಆಗಬೇಕು."

ಕೋಣೆಯ ಮೂಲೆಯಲ್ಲಿ, ಮೊಣಕಾಲ ಮೇಲೆ ಹಾಳೆಗಳ ಕಟ್ಟು ಇಟ್ಟುಕೊಂಡು ಕೂತಿದ್ದ ಶಾಯಿ ಎಂಬ ಹುಡುಗಿ ಪೆನ್ಸಿಲಿನ ತುದಿ ಕಚ್ಚಿದಳು. ಆ ತಪ್ಪು ಯಾರದು ಅನ್ನುವುದು ಇಡೀ ಸ್ಟುಡಿಯೋದಲ್ಲಿ ತನಗೊಬ್ಬಳಿಗೇ ಗೊತ್ತು ಅಂತ ಅವಳು ಅಂದುಕೊಂಡಿದ್ದಳು. ಮೂರು ವಾರದಿಂದ ಅದನ್ನು ನುಂಗಿಕೊಂಡೇ ಓಡಾಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ.

ಶಾಯಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ, ಅವಳ ಬಲಗೈ ಹೆಬ್ಬೆರಳು ನೋಡಿ ಸ್ಟುಡಿಯೋದವರು ಇಟ್ಟದ್ದು. ಮೇಷ್ಟ್ರು ಸಿನಿಮಾಕ್ಕೆ ಸಂಗೀತ ಬರೆದರೆ ಆ ದೊಡ್ಡ ಹಾಳೆಯಲ್ಲಿ ಮೂವತ್ತೊಂದು ವಾದ್ಯಗಳು ಒಂದರ ಕೆಳಗೊಂದು, ತುಂಬಿದ ಬಸ್ಸಿನ ಹಾಗೆ ಒತ್ತಿಕೊಂಡು ನಿಂತಿರುತ್ತವೆ. ಅವುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಪಿಟೀಲಿನ ಪಾಲು ಪಿಟೀಲಿಗೆ, ಡ್ರಮ್ಮಿನ ಪಾಲು ಡ್ರಮ್ಮಿಗೆ ಅಂತ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡುವುದು ಇವಳ ಕಸುಬು. ಕಂಪ್ಯೂಟರಿನಲ್ಲೂ ಆಗುತ್ತದೆ. ಆದರೆ ಮನುಷ್ಯರ ಕೈಬರಹ ಕಂಡರೆ ವಾದಕರು ಮನುಷ್ಯರ ಹಾಗೆ ನುಡಿಸುತ್ತಾರೆ ಅಂತ ಮೇಷ್ಟ್ರ ನಂಬಿಕೆ. ಆ ನಂಬಿಕೆಯ ಮೇಲೇ ಇವಳ ಸಂಸಾರ ನಡೆದಿತ್ತು.

ಗಾಜಿನ ಆಚೆ, ಹಾಲ್‌ನಲ್ಲಿ, ಎರಡನೇ ಸಾಲಿನಲ್ಲಿ ಕ್ಲಾರಿನೆಟ್ ಹಿಡಿದು ಬೆವರು ಒರೆಸಿಕೊಳ್ಳುತ್ತಿದ್ದವನು ಅವಳ ಸೋದರಮಾವ. ಇವಳು ಮಾವ ಮಾವ ಅಂತ ಕರೆಯುವುದನ್ನು ಕೇಳಿ ಕೇಳಿ ಸ್ಟುಡಿಯೋಗೆಲ್ಲ ಅವನು ಮಾವನೇ ಆಗಿಬಿಟ್ಟಿದ್ದ. ಅವನಿಗಿಂತ ಹತ್ತು ವರ್ಷ ದೊಡ್ಡವರಾದ ಮೇಷ್ಟ್ರೂ "ಏನ್ ಮಾವ" ಅನ್ನುತ್ತಿದ್ದರು. ಮೂವತ್ತು ವರ್ಷ ಪಿಟೀಲುಗಳ ಬೆನ್ನ ಹಿಂದೆ ಕೂತು ಊದಿದವನು. ಸಿನಿಮಾ ನೋಡುವವರಿಗೆ ಅವನು ಊದಿದ್ದು ಗೊತ್ತಾಗುವುದಿಲ್ಲ, ಊದದಿದ್ದರೆ ಏನೋ ಕಮ್ಮಿ ಅನಿಸುತ್ತದೆ, ಅಷ್ಟೇ. ಈ ಚಿತ್ರದಲ್ಲಿ ಮೊದಲ ಸಲ ಅವನಿಗೆ ಒಂಟಿಯಾಗಿ ನುಡಿಸುವ ಯೋಗ ಬಂದಿತ್ತು. ಒಂದೇ ಒಂದು ಸ್ವರ. ಆದರೂ ಅದಕ್ಕೆ ಹೊಸ ಶರ್ಟು ಹಾಕಿಕೊಂಡು ಬಂದಿದ್ದ.

ಚಿತ್ರವೋ, ನಗಿಸುವ ಪ್ರೇಮಕಥೆ. ನಗಿಸುವ ಅಂತ ಪೋಸ್ಟರಿನಲ್ಲಿ ಬರೆದಿತ್ತು. ಸಂಗೀತಕ್ಕೆ ನಿರ್ದೇಶಕ ಮೊದಲ ದಿನವೇ ಸೂತ್ರ ಕೊಟ್ಟಿದ್ದ: ಪ್ರೀತಿಗೆ ಪಿಟೀಲು, ಜಗಳಕ್ಕೆ ಜಾಜ್. ನಾಯಕ ನಾಯಕಿ ಚಿತ್ರದುದ್ದಕ್ಕೂ ಜಗಳ ಆಡುತ್ತಲೇ ಪ್ರೀತಿಸುವವರಾದ್ದರಿಂದ ಎರಡೂ ಪಂಗಡ ಒಟ್ಟಿಗೇ ನುಡಿಸಬೇಕಾಗಿ ಬಂತು. ಒಂದು ಕಡೆ ಪಿಟೀಲು ಸೆಲ್ಲೋಗಳು ಅಳು ಬಂದವರ ಹಾಗೆ ಎಳೆದರೆ ಇನ್ನೊಂದು ಕಡೆ ಸ್ಯಾಕ್ಸೋಫೋನು, ಡ್ರಮ್ಮು, ಪಿಯಾನೋ ಸೇರಿ ರಾದ್ಧಾಂತ. ನಡುವೆ ಮಾತೇ ಕೇಳುತ್ತಿರಲಿಲ್ಲ. "ಅದೇ ಒಳ್ಳೇದು, ಮಾತು ನಾನು ಓದಿದ್ದೀನಿ," ಅಂದಿದ್ದರು ನಿರ್ಮಾಪಕಿ.

ಆಗಿದ್ದಿಷ್ಟು. ನಾಯಕ ನಾಯಕಿ ಲಿಫ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ದೀಪ ಮಂಕಾಗುತ್ತದೆ. ಇಬ್ಬರೂ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಪಿಟೀಲುಗಳು ಮೆಲ್ಲಗೆ ಹದಿನಾಲ್ಕು ಎಣಿಕೆ ನುಡಿಸಬೇಕು, ಒಂದೊಂದು ಎಣಿಕೆ ಎರಡು ಸೆಕೆಂಡ್. ಆಮೇಲೆ ಪೂರಾ ದೀಪ ಹತ್ತುತ್ತದೆ, ಆಗ ಮಾವನ ಸ್ವರ. ರೆಕಾರ್ಡಿಂಗಿನ ಹಿಂದಿನ ದಿನ ನಿರ್ದೇಶಕ ಆ ದೃಶ್ಯವನ್ನು ನಾಲ್ಕು ಸೆಕೆಂಡ್ ಉದ್ದ ಮಾಡಿದ. ಮೇಷ್ಟ್ರು ಎರಡು ಎಣಿಕೆ ಸೇರಿಸಿದರು. ಶಾಯಿ ಮೂವತ್ತೊಂದು ಹಾಳೆಗಳಲ್ಲೂ ತಿದ್ದಬೇಕಿತ್ತು. ಮೂವತ್ತರಲ್ಲಿ ತಿದ್ದಿದಳು. ಕ್ಲಾರಿನೆಟ್ಟಿನ ಹಾಳೆಯಲ್ಲಿ ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.

ಮಾವ ಎರಡು ಎಣಿಕೆ ಮುಂಚೆ ಬಂದ. ಪಿಟೀಲುಗಳ ಪಿಸುಮಾತಿನ ನಡುವೆ ಒಂದು ಸ್ವರ, "ಪೇಂ" ಅಂತ, ಮದುವೆಮನೆಯಲ್ಲಿ ಬೇರೆಯವರ ಪಂಕ್ತಿಗೆ ಕೂತವನ ಹಾಗೆ. ತಕ್ಷಣ ಅವನಿಗೇ ಗೊತ್ತಾಯಿತು. ಆದರೆ ನಿಲ್ಲಿಸಲಿಲ್ಲ. ಆ ಸ್ವರವನ್ನು ಹಾಗೇ ಕೆಳಕ್ಕೆ ಜಾರಿಸಿದ, ಮೆಲ್ಲಗೆ, ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಗಿಲಾಚೆ ಹೋದವನ ಹಾಗೆ. ಹಾಲ್‌ಗೆ ಹಾಲೇ ನಕ್ಕಿತು. "ಅಯ್ಯೋ, ಸತ್ತೆ!" ಅಂತ, ವಾದಕರ ಮುಂದೆ ನಿಂತು ಕೈ ಆಡಿಸುತ್ತಿದ್ದ ಮೇಷ್ಟ್ರು ಕಿರುಚಿದ್ದೂ ರೆಕಾರ್ಡ್ ಆಯಿತು. "ಎಣಿಕೆ ತಪ್ಪಿತು, ಕ್ಷಮಿಸಿ," ಅಂದ ಮಾವ. ಮತ್ತೊಮ್ಮೆ ನುಡಿಸಿದರು, ಸರಿಹೋಯಿತು. ಬಿಡುವಿನಲ್ಲಿ ಶಾಯಿ ಓಡಿಹೋಗಿ ನೋಡಿದರೆ ಸ್ಟ್ಯಾಂಡಿನ ಮೇಲೆ ಆ ಹಾಳೆಯೇ ಇರಲಿಲ್ಲ. ಹಳೇ ಹಾಳೆಗಳ ಜೊತೆ ಕಸಕ್ಕೆ ಹೋಯಿತೇನೋ ಅಂದುಕೊಂಡಳು. "ನಿಮ್ಮ ಮಾವನಿಗೆ ವಯಸ್ಸಾಯ್ತು. ಬೇರೆಯವರನ್ನ ನೋಡಬೇಕು," ಅಂತ ನಿರ್ಮಾಪಕಿ ಅಂದಾಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಆಮೇಲೆ ಸಂಕಲನಕಾರ ಅವಸರದಲ್ಲಿ ತಪ್ಪಿದ ತುಣುಕನ್ನೇ ಅಂಟಿಸಿ ಇನ್ನೂರು ಜನರಿಗೆ ಚಿತ್ರ ತೋರಿಸಿಬಿಟ್ಟ. ಜನ ಎರಡು ಗಂಟೆ ಕೂತು ಒಂದೇ ಒಂದು ಸಲ ನಕ್ಕರು. ಲಿಫ್ಟಿನಲ್ಲಿ. ಮಂಕು ಬೆಳಕಲ್ಲಿ ನಾಯಕ ಬಾಯಿ ಬಿಡಲು ಹೋಗಿ ಮುಚ್ಚಿಕೊಂಡ ಹೊತ್ತಿಗೇ ಆ "ಪೇಂ" ಬಂದಿತ್ತು. ನಕ್ಕ ನಗೆಗೆ ಮುಂದಿನ ಎರಡು ಮಾತು ಕೇಳಲೇ ಇಲ್ಲ. ಕೈಗೆ ಕೊಟ್ಟಿದ್ದ ಕಾಗದದಲ್ಲಿ ಎಲ್ಲರೂ "ಲಿಫ್ಟ್ ಚೆನ್ನಾಗಿದೆ" ಅಂತ ಬರೆದರು. ಒಬ್ಬರು ಮಾತ್ರ "ಕುರ್ಚಿ ಚೆನ್ನಾಗಿದೆ" ಅಂತ ಬರೆದರು.

ಅಲ್ಲಿಂದ ಆ ತಪ್ಪಿನ ನಸೀಬೇ ಬದಲಾಯಿತು. "ಪ್ರೀತಿ ಯಾವಾಗಲೂ ಹೊತ್ತಿಗೆ ಮುಂಚೆ ಬರುತ್ತೆ, ಇದು ಇಡೀ ಚಿತ್ರದ ತಿರುಳು," ಅಂತ ನಿರ್ದೇಶಕ ಸಂದರ್ಶನ ಕೊಟ್ಟ. "ಬರೆಯುವಾಗಲೇ ನನ್ನೊಳಗೆ ಆ ಜಾರು ಇತ್ತು," ಅಂದರು ಮೇಷ್ಟ್ರು. ಮಾವನೂ ಸುಮ್ಮನಿರಲಿಲ್ಲ. ಪ್ರಚಾರದ ವಿಡಿಯೋದಲ್ಲಿ ಹೊಸ ಶರ್ಟು ಹಾಕಿಕೊಂಡು, ಕ್ಲಾರಿನೆಟ್ಟನ್ನು ಎದೆಗೆ ಆನಿಸಿಕೊಂಡು, "ಕತ್ತಲೆಯಲ್ಲಿ ಹೃದಯ ಎಣಿಸೋದಿಲ್ಲ ಕಣ್ರೀ," ಅಂದುಬಿಟ್ಟ. ಅತ್ತೆ ಅದನ್ನು ಬೀದಿಯವರಿಗೆಲ್ಲ ತೋರಿಸಿದಳು. "ಮನೇಲಿ ಹಾಲು ತನ್ನಿ ಅಂದ್ರೆ ಮೊಸರು ತರ್ತಾರೆ. ಅಲ್ಲಿ ನೋಡಿ, ಏನ್ ಮಾತು!" ಅಂತ ಅವಳಿಗೇ ಆಶ್ಚರ್ಯ.

ಸರಿ, ಆ ತುಣುಕನ್ನೇ ಇಟ್ಟುಕೊಳ್ಳಬಹುದಿತ್ತಲ್ಲ? ಮೇಷ್ಟ್ರು ಒಪ್ಪಲಿಲ್ಲ. ಅದರಲ್ಲಿ ಅವರ "ಅಯ್ಯೋ, ಸತ್ತೆ" ಇದೆ. ನಲವತ್ತು ವರ್ಷದ ವೃತ್ತಿಯಲ್ಲಿ ಜನ ಕೇಳುವ ನನ್ನ ದನಿ ಅದಾಗಬೇಕೇ ಅಂತ ಅವರ ದುಃಖ. ಹಾಗಾಗಿ ಇವತ್ತು ಮೂವತ್ತೊಂದು ಜನರನ್ನೂ ಮತ್ತೆ ಕರೆಸಿ, ಆದ ತಪ್ಪನ್ನು ಚೊಕ್ಕವಾಗಿ ಮಾಡಿಸುವ ಕಾರ್ಯಕ್ರಮ.

ಶಾಯಿಗೆ ಈಗ ಆ ತಪ್ಪನ್ನೇ ಬರೆಯುವ ಕೆಲಸ. ಹಳೇ ತುಣುಕು ಕೇಳಿ ಕೇಳಿ, ಹದಿನಾಲ್ಕು ಎಣಿಕೆ ಸುಮ್ಮನಿರಿ, ಆಮೇಲೆ ಸ್ವರ, ಆಮೇಲೆ ಜಾರು, ಅಂತ ನೀಟಾಗಿ ಬರೆದಿದ್ದಳು. ಮೇಲೆ "ಅಚಾನಕ್ಕಾಗಿ" ಅಂತ ಬರಿ ಅಂದರು ಮೇಷ್ಟ್ರು. ಬರೆದಳು. ಮಾವ ಆ ಅಚಾನಕ್ಕಿಗಾಗಿ ಹನ್ನೆರಡನೇ ಎಣಿಕೆಯಿಂದಲೇ ಉಸಿರು ಎಳೆದುಕೊಂಡು, ಕೆನ್ನೆ ಉಬ್ಬಿಸಿಕೊಂಡು ಕಾದ. ಸ್ವರ ಬಂತು, ದುಂಡಗೆ, ತಟ್ಟೆಯಲ್ಲಿಟ್ಟು ತಂದ ಹಾಗೆ.

"ಮಾವ, ಸ್ವಲ್ಪ ಮುಜುಗರ ಇರಲಿ," ಅಂತ ನಿರ್ದೇಶಕ ಗುಂಡಿ ಒತ್ತಿ ಮೈಕಿನಲ್ಲಿ ಹೇಳಿದ.

ಮುಜುಗರದಿಂದ ನುಡಿಸಿದ.

"ಇಷ್ಟು ಬೇಡ. ಸಾವಿನ ಮನೆ ಆಯ್ತು. ಹೆಮ್ಮೆಯ ಮುಜುಗರ ಇರಲಿ."

"ಅದು ಯಾವ ಸ್ವರ ಸಾರ್?" ಅಂತ ಮಾವ ಗಾಜಿನಾಚೆಯಿಂದ ಕೇಳಿದ. ಪಿಟೀಲಿನವರು ಮುಸಿಮುಸಿ ನಕ್ಕರು.

ಒಂಬತ್ತನೇ ಸಲ, ಹತ್ತನೇ ಸಲ, ಹನ್ನೊಂದನೇ ಸಲ. ಹನ್ನೆರಡನೇ ಸಲಕ್ಕೆ ಮಾವನ ತುಟಿ ನಡುಗತೊಡಗಿತು. ಆಗ ನಿರ್ಮಾಪಕಿ ಕನ್ನಡಕ ತೆಗೆದು ಒರೆಸಿ, "ಪದಕದವರನ್ನ ಕರೀರಿ," ಅಂದರು.

ಪದಕದವರು ಅಂದರೆ ದೊಡ್ಡ ವಾದ್ಯವೃಂದದಲ್ಲಿ ಮೊದಲ ಕುರ್ಚಿಯ ಕ್ಲಾರಿನೆಟ್ ನುಡಿಸುವವರು. ಚಿಕ್ಕ ವಯಸ್ಸು, ಎರಡು ಪದಕ, ಒಳ್ಳೇ ಬೂಟು. ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ದಂತವೈದ್ಯರ ಹತ್ತಿರ ಬಂದವರ ಹಾಗೆ ಕಾದಿದ್ದರು. ಒಳಗೆ ಬಂದರು, ಎಲ್ಲರಿಗೂ ನಮಸ್ಕಾರ ಮಾಡಿದರು, ಮಾವನ ಕುರ್ಚಿಯಲ್ಲಿ ಕೂರಲು ಸಂಕೋಚಪಟ್ಟು ಇನ್ನೊಂದು ಕುರ್ಚಿ ತರಿಸಿಕೊಂಡರು. ಶಾಯಿಯ ಹಾಳೆ ನೋಡಿ ಒಂದೇ ಸಲಕ್ಕೆ, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ನುಡಿಸಿದರು.

"ಅದ್ಭುತ," ಅಂದರು ನಿರ್ಮಾಪಕಿ.

"ನಗು ಬರ್ತಿಲ್ಲ," ಅಂದ ನಿರ್ದೇಶಕ.

"ಬರುತ್ತೆ. ಜನಕ್ಕೆ ಗೊತ್ತಿದೆಯಲ್ಲ, ಅಲ್ಲಿ ನಗಬೇಕು ಅಂತ." ನಿರ್ಮಾಪಕಿ ಕನ್ನಡಕ ಹಾಕಿಕೊಂಡರು. "ಆದರೆ ಇವರು ಒಂದು ಸ್ವರಕ್ಕೆಲ್ಲ ಬರೋರಲ್ಲ. ಕೊಟ್ಟರೆ ಪೂರ್ತಿ ಚಿತ್ರ ಕೊಡಬೇಕಂತೆ. ಮುಂದಿನ ಮೂರು ಚಿತ್ರಕ್ಕೂ ಮಾತಾಡಿದ್ದೀನಿ. ಮಾವನಿಗೆ ಹೇಳಿಬಿಡಿ ಮೇಷ್ಟ್ರೇ. ಊಟಕ್ಕೆ ಮುಂಚೆ ಹೇಳಿ, ಊಟ ಮಾಡಿಕೊಂಡೇ ಹೋಗಲಿ."

ಮೇಷ್ಟ್ರು ಹೇಳುವ ಧೈರ್ಯ ಸಾಲದೆ ಶಾಯಿಯ ಕಡೆ ನೋಡಿದರು. "ನಿನ್ನ ಮಾವ ಅಲ್ವೇನಮ್ಮ. ನೀನೇ ಮೆಲ್ಲಗೆ…"

ಮಾವ ಕಾರಿಡಾರಿನ ಕೊನೆಯಲ್ಲಿ, ಡ್ರಮ್ಮಿನ ಖಾಲಿ ಪೆಟ್ಟಿಗೆಗಳ ನಡುವೆ ಕೂತು ಕ್ಲಾರಿನೆಟ್ ಬಿಚ್ಚಿ ಒಳಗೆ ಬಟ್ಟೆ ಎಳೆಯುತ್ತಿದ್ದ. ಶಾಯಿ ಎರಡು ಲೋಟ ಚಹಾ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಯಾವುದನ್ನು ಮೊದಲು ಹೇಳುವುದು? ನಿನ್ನ ಕುರ್ಚಿ ಹೋಯಿತು ಅಂತಲೋ, ನಿನ್ನ ಕೀರ್ತಿಯೂ ನಿನ್ನದಲ್ಲ ಅಂತಲೋ? ಮೊದಲನೆಯದು ಹೇಳಿ ಸುಮ್ಮನಾದರೆ ಅವನ ಕುರ್ಚಿ ಮಾತ್ರ ಹೋಗುತ್ತದೆ, "ಹೃದಯ ಎಣಿಸೋದಿಲ್ಲ" ಅಂದದ್ದಾದರೂ ಉಳಿಯುತ್ತದೆ. ಎರಡನೆಯದು ಹೇಳಿದರೆ ಅದೂ ಹೋಗುತ್ತದೆ, ಜೊತೆಗೆ ತನ್ನ ಕೆಲಸವೂ.

"ಮಾವ, ಅವತ್ತು ನಿನ್ನ ಎಣಿಕೆ ತಪ್ಪಲಿಲ್ಲ," ಅಂದಳು. ಮಾತು ತಾನಾಗೇ ಹೊರಗೆ ಬಿತ್ತು. "ನಾನು ತಿದ್ದೋದು ಮರೆತಿದ್ದೆ. ನಿನ್ನ ಹಾಳೆಯಲ್ಲಿ ಹದಿನಾಲ್ಕು ಅಂತಲೇ ಇತ್ತು."

ಮಾವ ಬಟ್ಟೆ ಎಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೇ."

"ಏನು ಗೊತ್ತು?"

"ನಾನೇನು ಕಿವುಡನಾ? ಪಿಟೀಲಿನವರು ಇನ್ನೂ ಮುಗಿಸಿರಲಿಲ್ಲ. ಕಿವಿ ತಡಿ ಅಂತು, ಹಾಳೆ ಹೊರಡು ಅಂತು. ನೀನು ಬರೆದ ಹಾಳೆ, ಅದನ್ನೇ ನಂಬಿದೆ. ಊದಿದ ಮೇಲೆ ಗೊತ್ತಾಯ್ತು, ಹುಡುಗಿ ಎಲ್ಲೋ ಎಡವಿದ್ದಾಳೆ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಥಟ್ಟಂತ ನಿಲ್ಲಿಸಿದ್ರೆ ಮೇಷ್ಟ್ರು ಹಾಳೆ ತಾ ಅಂತಿದ್ರು. ಅದಕ್ಕೇ ಜಾರಿಸಿದೆ, ಈ ಮುದುಕನೇ ಎಣಿಕೆ ತಪ್ಪಿದ ಅನ್ನಿಸಲಿ ಅಂತ. ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡೆ. ಈಗ ನಿಮ್ಮತ್ತೆ ಅದನ್ನ ಬೀರುವಿನಲ್ಲಿ ಸೀರೆ ಕೆಳಗೆ ಹಾಸಿದ್ದಾಳೆ."

ಶಾಯಿಗೆ ನಗುವೋ ಅಳುವೋ ತಿಳಿಯಲಿಲ್ಲ. "ಹಾಗಾದ್ರೆ ಆ ಹೃದಯ ಎಣಿಸೋದಿಲ್ಲ ಅಂದಿದ್ದು?"

"ಅದು ಸ್ವಲ್ಪ ನಿನ್ನನ್ನ ಉಳಿಸೋಕೆ," ಅಂದ ಮಾವ. ಒಂದು ಗುಟುಕು ಚಹಾ ಕುಡಿದ. "ಜಾಸ್ತಿ ನನ್ನ ಖುಷಿಗೆ. ಸುಳ್ಳು ಯಾಕೆ ಹೇಳಲಿ, ಮೂವತ್ತು ವರ್ಷದಲ್ಲಿ ನನ್ನ ಮುಖದ ಮುಂದೆ ಯಾರಾದ್ರೂ ಕ್ಯಾಮೆರಾ ಇಟ್ಟಿದ್ರಾ? ಈಗ ನೋಡು, ಜಾರಿಸು ಜಾರಿಸು ಅಂತಾರೆ. ಯಾರನ್ನ ಕಾಪಾಡೋಕೆ ಜಾರಿಸಲಿ? ಬೆರಳಿಗೆ ಕಾರಣಾನೇ ಇಲ್ಲ."

ಶಾಯಿ ಎದ್ದಳು. ಚಹಾ ಅಲ್ಲೇ ಬಿಟ್ಟಳು.

"ಏ, ಎಲ್ಲಿಗೆ? ಸುಮ್ಮನಿರೇ! ಕೆಲಸ ಹೋಗುತ್ತೆ!"

ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗ ಮೂವರೂ ಊಟಕ್ಕೆ ಏನು ತರಿಸುವುದು ಅಂತ ಚರ್ಚಿಸುತ್ತಿದ್ದರು.

"ಆ ತಪ್ಪು ಮಾವನದಲ್ಲ, ನನ್ನದು," ಅಂದಳು. ದನಿ ಸ್ವಲ್ಪ ಜೋರಾಗೇ ಬಂತು. ತಿದ್ದದೆ ಬಿಟ್ಟಿದ್ದು, ಹಾಳೆ, ಜೇಬು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಬೀರು ಮಾತ್ರ ಬಿಟ್ಟಳು, ಅತ್ತೆಯ ಮರ್ಯಾದೆ ಅಂತ. "ಈಗ ನನ್ನನ್ನ ತೆಗೆದುಹಾಕಿ. ಮಾವನನ್ನ ಬಿಟ್ಟುಬಿಡಿ."

ಬೈಗುಳಕ್ಕೆ ಶಾಯಿ ಹೆಗಲು ಗಟ್ಟಿ ಮಾಡಿಕೊಂಡಳು.

"ಒಂದು ನಿಮಿಷ," ಅಂದರು ಮೇಷ್ಟ್ರು ನಿಧಾನವಾಗಿ. "ನಾನು ಎರಡು ಎಣಿಕೆ ಸೇರಿಸಿದ್ದರಿಂದ ತಾನೇ ನೀನು ತಿದ್ದೋದು ಮರೆತಿದ್ದು? ಸೇರಿಸದೇ ಇದ್ದಿದ್ರೆ ಆ ಸ್ವರ ಸರಿಯಾದ ಜಾಗಕ್ಕೇ ಬರ್ತಿತ್ತು. ಅಂದ್ರೆ… ನಾನು ಮೊದಲೇ ಹೇಳಿರಲಿಲ್ವಾ, ಅದು ನನ್ನೊಳಗೇ ಇತ್ತು!"

"ಮೇಷ್ಟ್ರೇ, ನೀವು ಸೇರಿಸಿದ್ದು ಯಾಕೆ?" ನಿರ್ದೇಶಕ ಕುರ್ಚಿಯಿಂದ ಎದ್ದೇಬಿಟ್ಟ. "ನಾನು ನಾಲ್ಕು ಸೆಕೆಂಡ್ ಉದ್ದ ಮಾಡಿದೆ ಅಂತ! ಆ ನಾಲ್ಕು ಸೆಕೆಂಡೇ ಆ ತಪ್ಪು!"

"ಉದ್ದ ಮಾಡು ಅಂತ ಹೇಳಿದ್ದು ಯಾರು?" ಅಂದರು ನಿರ್ಮಾಪಕಿ. "ನಾಯಕಿ ಹೊಸ ಓಲೆ ಹಾಕ್ಕೊಂಡಿದ್ದಾಳೆ, ಕಾಣಲಿ, ಅಂದಿದ್ದು ನಾನು."

ಮೂವರೂ ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಎಲ್ಲರೂ ತನ್ನದಲ್ಲ ಅಂತ ನೂಕುತ್ತಾರೆ ಅಂದುಕೊಂಡು ಶಾಯಿ ಮೂರು ವಾರ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ತಪ್ಪನ್ನು ಮೂವರು ದೊಡ್ಡವರು ತನ್ನದು ತನ್ನದು ಅಂತ ಎಳೆದಾಡುತ್ತಿದ್ದರು. ತಪ್ಪು ಮಾಡಿದವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಅವಳಿಗೆ ಒಂಚೂರು ಬೇಸರವೇ ಆಯಿತು. ಆಮೇಲೆ, ಮೂವತ್ತೊಂದು ವಾದ್ಯಗಳ ಜಗಳ ದಿನಾ ಬಿಡಿಸುವವಳಿಗೆ ಈ ಮೂರು ಯಾವ ಲೆಕ್ಕ ಅನಿಸಿತು.

"ಅಲ್ಲ, ಇಷ್ಟು ದೊಡ್ಡವರು ಮೂರು ಜನ ಸೇರಿ ಮಾಡಿದ ಕೆಲಸ," ಅಂದಳು. "ಅದನ್ನ ಪದಕದವರ ಕೈಲಿ ಮತ್ತೆ ಮಾಡಿಸಿದ್ರೆ ಅದು ಅವರದಾಗಿಬಿಡಲ್ವಾ? ಹೆಸರೂ ಅವರದೇ ಬರುತ್ತೆ."

ಮೂವರೂ ಅವಳ ಕಡೆ ತಿರುಗಿದರು.

"ಅವತ್ತಿನದನ್ನೇ ಇಟ್ಟುಕೊಂಡ್ರೆ…" ಅಂದ ನಿರ್ದೇಶಕ.

"ಅದರಲ್ಲಿ ನಾನು ಸತ್ತೆ ಅಂತೀನಲ್ಲಯ್ಯಾ!"

"ಮೇಷ್ಟ್ರೇ," ನಿರ್ದೇಶಕ ಅವರ ಎರಡೂ ಕೈ ಹಿಡಿದುಕೊಂಡ. "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎರಡು ಗಂಟೆ ಚಿತ್ರದಲ್ಲಿ ಸಹಜವಾಗಿ ಬಂದಿರೋ ಮಾತು ಅಂದ್ರೆ ಅದೊಂದೇ. ನಮ್ಮ ನಾಯಕನಿಗೆ ಹಾಗೆ ಹೇಳೋಕೆ ಮೂವತ್ತು ದಿನ ಹೇಳಿಕೊಟ್ಟೆ, ಬರಲಿಲ್ಲ."

ಮೇಷ್ಟ್ರು ಶರ್ಟಿನ ಕಾಲರ್ ಸರಿಮಾಡಿಕೊಂಡರು. "ಹಾಗಂತೀಯಾ?" ಅಂದರು. "ಅಲ್ಲ, ನಾನು ಕಾಲೇಜಿನಲ್ಲಿ ನಾಟಕ ಮಾಡ್ತಿದ್ದೆ. ಅದು ನಿನಗೆ ಗೊತ್ತಿರಲಿಕ್ಕಿಲ್ಲ." ಆಮೇಲೆ ಧ್ವನಿಮುದ್ರಣದವನ ಕಡೆ ತಿರುಗಿ, "ಅವತ್ತಿನದು ಹಾಕಪ್ಪ. ನನ್ನ ಮಾತು ಸ್ವಲ್ಪ ಜೋರಾಗಿ ಕೇಳೋ ಹಾಗೆ ಮಾಡೋಕೆ ಆಗುತ್ತಾ ನೋಡು."

ಅವತ್ತಿನದು ಹಾಕಿದರು. "ಪೇಂ" ಅಂತ ಬಂತು, ತಲೆ ತಗ್ಗಿಸಿಕೊಂಡು ಕೆಳಗಿಳಿಯಿತು. ಕಾರಣ ತಿಳಿದ ಮೇಲೆ ಶಾಯಿಗೆ ಅದು ಮೊದಲಿನ ಹಾಗೆ ಕೇಳಲಿಲ್ಲ. ಉಳಿದವರು ನಕ್ಕರು, ಅವಳು ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತಳು.

"ಸರಿ, ಮಾವನೇ ಇರಲಿ," ಅಂದರು ನಿರ್ಮಾಪಕಿ, ಏನೋ ಹೆಚ್ಚಿಗೆ ಕೊಟ್ಟವರ ಹಾಗೆ. "ಪದಕದವರಿಗೆ ಊಟ ಹಾಕಿ ಕಳಿಸಿ. ಊಟ ಆದ ಮೇಲೆ ಕ್ಲೈಮ್ಯಾಕ್ಸ್ ತಗೊಳ್ಳೋಣ. ಅದರಲ್ಲೂ ಇಂಥದ್ದೇನಾದ್ರೂ ಬರುತ್ತಾ ನೋಡಿ."

ಊಟ ಮುಗಿಸಿ ಶಾಯಿ ಕ್ಲೈಮ್ಯಾಕ್ಸಿನ ಹಾಳೆಗಳನ್ನು ಹಂಚಿ ಕಾರಿಡಾರಿಗೆ ಬಂದಾಗ ಡ್ರಮ್ಮಿನ ಪೆಟ್ಟಿಗೆಗಳ ನಡುವೆ ಇಬ್ಬರು ಕೂತಿದ್ದರು. ಪದಕದವರು ಹೋಗಿರಲಿಲ್ಲ. ಅವರ ಒಳ್ಳೇ ಬೂಟಿನ ಮೇಲೆ ಧೂಳು ಕೂತಿತ್ತು.

"ಆ ಜಾರು ಹೇಗೆ ಮಾಡಿದ್ರಿ, ಹೇಳಿ," ಅಂತ ಅವರು ಮಾವನನ್ನು ಕೇಳುತ್ತಿದ್ದರು. "ನಾನು ಬರೆದಿದ್ದ ಸ್ವರಾನೇ ನುಡಿಸಿದೆ. ಬೆರಳೂ ಸರಿಯಾಗಿಟ್ಟೆ. ಯಾಕೆ ಯಾರೂ ನಗಲಿಲ್ಲ?"

"ನಿಮಗೆ ಅಕ್ಕನ ಮಕ್ಕಳು ಇದ್ದಾರಾ?" ಅಂತ ಕೇಳಿದ ಮಾವ.

"ಇಲ್ಲ. ಯಾಕೆ?"

"ಸುಮ್ನೆ ಕೇಳಿದೆ." ಮಾವ ಶಾಯಿಯ ಕಡೆ ನೋಡದೆ ಕ್ಲಾರಿನೆಟ್ ಜೋಡಿಸಿಕೊಂಡು ಎದ್ದ. "ಒಂದು ಕೆಲಸ ಮಾಡಿ. ಊದೋಕೆ ಶುರು ಮಾಡಿ, ಅರ್ಧದಲ್ಲಿ, ಅಯ್ಯೋ ಇದು ನನ್ನ ಮನೆ ಅಲ್ವಲ್ಲಾ ಅಂತ ಅಂದ್ಕೊಳ್ಳಿ."

"ಮಾವ, ಬಾ, ಕರೀತಿದ್ದಾರೆ," ಅಂದಳು ಶಾಯಿ.

"ಬಂದೆ ಕಣೇ. ಹಾಳೆ ನೋಡಿದೀಯಾ ಸರಿಯಾಗಿ?"

"ಮೂರು ಸಲ."

ಅವರಿಬ್ಬರೂ ಹಾಲ್‌ನ ಬಾಗಿಲು ತಲುಪಿದಾಗ ಬೆನ್ನ ಹಿಂದೆ ಪದಕದವರು ಕಣ್ಣು ಮುಚ್ಚಿ ಒಂದು ಸಲ ಪ್ರಯತ್ನಿಸಿದರು. ಕಾಲು ತುಳಿಸಿಕೊಂಡ ಬೆಕ್ಕಿನಂಥ ಒಂದು ಕಿರುಚಾಟ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಯಿತು. ಹಾಲ್‌ನೊಳಗೆ ಯಾರೋ ಗೊಳ್ಳೆಂದು ನಕ್ಕರು. ರೆಕಾರ್ಡಿಂಗ್ ಶುರುವಾಗಿದೆ ಅಂತ ಹೇಳುವ, ಬಾಗಿಲ ಮೇಲಿನ ಕೆಂಪು ದೀಪ ಆಗಲೇ ಹತ್ತಿತ್ತು. ಸೆಲ್ಲೋದವಳು ಬಾಗಿಲ ಸಂದಿಯಿಂದ ತಲೆ ಹೊರಗೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಮಾವನ ತೋಳು ಹಿಡಿದು ಒಳಗೆಳೆದುಕೊಂಡಳು.